ಜೋಳದ ಎಲಿ ಮ್ಯಾಲಿನ ನೀಲಿ

ಮೊನ್ನೆ ಮೊಮ್ಮಗಳು ತನ್ನ ಫೋನಿನಾಗ ಒಂದು ಎಲಿ ತೋರಿಸಿದಳು. ಜೋಳದ ಎಲಿ. ಅದರ ಮೈತುಂಬ ನೀಲಿ ಕಲೆ, ಶಾಯಿ ಸಿಡಿಸಿದಂಗ.

"ಆಯಿ, ಈ ಗಿಡಕ್ಕ ನೀರು ನಿಲ್ಲಿಸಿದ್ವಿ. ಎಲಿ ಒಳಗ ಎಲ್ಲೆಲ್ಲಿ ಸುಡಾಕತ್ತೈತೋ ಅಲ್ಲಲ್ಲಿ ನಾವು ಹಾಕಿದ ಔಷಧ ನೀಲಿ ಆಗತೈತಿ" ಅಂದಳು.

ಆ ನೀಲಿ ಕಂಡದ್ದ ತಡ, ನನ್ನ ಮೂಗಿಗೆ ಸುಣ್ಣ-ಬೆಲ್ಲ ಹುಳಿತ ವಾಸನಿ ಬಂತು... ಫೋನಿಗೆ ಎಲ್ಲೀ ವಾಸನಿ! ಅದು ಗಜೇಂದ್ರಗಡದಾಗಿನ ನನ್ನ ತವರಮನಿಯ ನೀಲಿ ಬಾನಿ ವಾಸನಿ. ನಮ್ಮಪ್ಪ ಮಗ್ಗದಾಗ ಸೀರಿ ನೇಯತಿದ್ದ, ನಮ್ಮವ್ವ ಆ ಬಾನಿಯೊಳಗ ನೂಲಿಗೆ ಬಣ್ಣ ಹಾಕತಿದ್ದಳು.

ನಾನು ನಾಕನೇ ಇಯತ್ತೆಗೆ ಸಾಲಿ ಬಿಟ್ಟಾಕಿ. ಮೊಮ್ಮಗಳ ಕೆಲಸದ ಹೆಸರು ನನ್ನ ನಾಲಿಗಿಗೆ ಹೊರಳೂದಿಲ್ಲ. ಆದ್ರ ಆಕಿ ಬರದದ್ದನ್ನ ಓದಿ ಯಾವ್ಯಾವ ದೇಶದಾಗೋ ಮಂದಿ ತಮ್ಮ ಕೆಲಸ ಮುಂದ ಒಯ್ಯಾಕತ್ತಾರಂತ! ಕೇಳಿ ನನಗ ಎರಡು ರೊಟ್ಟಿ ಹೆಚ್ಚಿಗೆ ಇಳದುವು. ಇಲ್ಲಿ ರೋಣದಾಗ ನಮ್ಮ ಓಣಿ ಹೆಂಗಸರು ಮಾತ್ರ, "ನಿಮ್ಮ ಮೊಮ್ಮಗಳು ಸಸಿ ಒಣಗಿಸಿ ಪಗಾರ ತಗೋತಾಳಂತಲ್ರಿ!" ಅಂತ ನಗತಾರ. ನಗಲಿ. ಈ ನಗಿ ನನಗ ಹೊಸಾದಲ್ಲ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿತ್ತು. ಜೋಳದ ಮ್ಯಾಲೆ ಸಂಶೋಧನೆ ಮಾಡೂ ಒಬ್ಬ ಸರಕಾರಿ ಸಾಹೇಬರು ಗಜೇಂದ್ರಗಡದ ನಮ್ಮ ಮನಿಗೆ ಬಾಡಿಗಿಗೆ ಬಂದ್ರು. ಖೋಲಿ ಹ್ಯಾಂಗೈತಿ ಅಂತ ಕೇಳಲಿಲ್ಲ, ಮಾಳಗಿ ಮ್ಯಾಲೆ ಬಿಸಲು ಎಷ್ಟೊತ್ತು ಇರತದ ಅಂತ ಕೇಳಿದ್ರು. ಊರು ನಕ್ಕೋತ ಅವರಿಗೆ ಜೋಳದ ಸಾಹೇಬ ಅಂತ ಹೆಸರಿಟ್ಟಿತು. ಅಬ್ಬಿಗೇರಿ, ಯಾವಗಲ್, ಚಿಕ್ಕನರಗುಂದ, ಎಲ್ಲಾ ಕಡಿಂದ ಬೀಜ ತಂದು, ನಮ್ಮವ್ವ ಬಿಸಾಡಿದ ಒಡಕ ಗಡಗಿಯೊಳಗ ಎರಿ ಮಣ್ಣು ತುಂಬಿ ಬಿತ್ತಿದ್ರು. ಗಿಡ ಮೊಣಕಾಲ ಮಟ ಬಂದಕೂಡಲೇ ನೀರು ನಿಲ್ಲಿಸಿಬಿಟ್ರು! ದಿನಾ ಮುಂಜಾನೆ ಮಾಳಗಿ ಏರಿ, ಕೈ ಹಿಂದ ಕಟಗೊಂಡು, ಒಣಗೂ ಗಿಡ ನೋಡಕೋತ ನಿಂದರತಿದ್ರು.

ನಮ್ಮವ್ವಗ ಇದು ನೋಡಾಕಾಗಲಿಲ್ಲ. ಒಂದಿನ ಕೊಡ ತುಂಬಕೊಂಡು ಮಾಳಗಿ ಏರಿದಳು. ಸಾಹೇಬರು ಅಡ್ಡ ನಿಂತ್ರು.

"ಅನ್ನ ಕೊಡೂ ಗಿಡಾನ ನೀರಿಲ್ದ ಕೊಲ್ಲತೀರಲ್ರಿ, ನಿಮಗ ಕರಳಿಲ್ಲೇನು?"

"ಅಕ್ಕಾರ, ಮದಲು ನಿಮ್ಮ ಬಾನಿ ತೋರಸ್ರಿ. ಆಮ್ಯಾಲ ನೀರಿನ ಮಾತು."

ಅವ್ವ ಗೊಣಗಿಕೋತ ಕೆಳಗಿಳಿದು ಬಾನಿಯೊಳಗಿನ ನೂಲಿನ ಲಡಿ ಎತ್ತಿದಳು. ನೀಲಿ ಬಾನಿ ಅಂದ್ರೂ ಒಳಗಿಂದ ಬರೂವಾಗ ನೂಲು ಹಸರ-ಹಳದಿ ಇರತಿತ್ತು. ಹಿಂಡಿ ಕೊಡವಿದ ಮ್ಯಾಲೆ, ನೋಡನೋಡತಾ ಕಡುನೀಲಿ ಏರತಿತ್ತು.

"ಇದನ್ನ ನೀಲಿ ಮಾಡಿದವರು ಯಾರ್ರಿ?"

"ಯಾರಂದ್ರ? ಗಾಳಿ. ಸಣ್ಣ ಕೂಸಿಗೂ ಗೊತ್ತೈತಿ."

"ಬಾಯಾರಿದ ಎಲಿ ಒಳಗೂ ಇದ ಗಾಳಿ ತಿರಗಿ ಬಿದ್ದು ಸುಡತದ ಅಂತ ನನಗ ಅನಸ್ತದರಿ. ಯಾವದೋ ಒಂದು ಜೋಳ ಆ ಸುಡೂದನ್ನ ತಡಕೋತದ. ನೀವು ನೀರು ಹಾಕಿದ್ರ ಎಲ್ಲಾವೂ ಬದುಕತಾವ. ಅದೊಂದು ನನಗ ಹ್ಯಾಂಗ ಸಿಗಬೇಕು?"

ಅವ್ವ ನೂಲಿನ ಲಡಿ ಹಗ್ಗಕ್ಕ ಹಾಕಿದಳು. ಆಮ್ಯಾಲ ಕೊಡ ಒಯ್ದು ಎಮ್ಮಿ ಮುಂದ ಇಟ್ಟಳು. "ಸಿಗದಿದ್ರ ನಿಮ್ಮನ್ನ ಈ ಬಾನಿಯೊಳಗ ಅದ್ದತೇನಿ, ಸಾಹೇಬ್ರ!"

ಅದಾದ ಮ್ಯಾಲೆ ಅವರ ಮ್ಯಾಲಿನ ಅಧಿಕಾರಿ ಜೀಪಿನಾಗ ಬಂದ್ರು. ಮಾಳಗಿ ಮ್ಯಾಲೆ ಸತ್ತ ಗಿಡ ನೋಡಿ ಕಣ್ಣು ಕೆಂಪಗ ಮಾಡಿದ್ರು. "ಸರಕಾರ ನಿಮ್ಮನ್ನ ಬೆಳಿ ಬೆಳಸಾಕ ಕಳಿಸ್ಯದ, ಸ್ಮಶಾನ ಮಾಡಾಕಲ್ಲ. ಈಗಿಂದೀಗ ಎಲ್ಲಾ ಕೆಳಗ ಒಗಸ್ರಿ!"

"ಒಗಸೂದಿಲ್ರಿ. ನೀರಿದ್ದಾಗ ಬೆಳಿಯೂದು ಎಲ್ಲಾ ಜೋಳಕ್ಕೂ ಬರತದ. ನೋಡ್ರಿ, ಆ ಒಂದು ಗಡಗಿ ಇನ್ನೂ ಹಸರದ. ಅದು ತೆನಿ ಕಟ್ಟೂತನ ಬಿಡ್ರಿ."

ಅಧಿಕಾರಿ ಜವಾನನಿಗೆ ಕಣ್ಣು ಸನ್ನಿ ಮಾಡಿದ್ರು. ಅಷ್ಟರಾಗ ನಮ್ಮವ್ವ ನಿಚ್ಚಣಿಕಿ ಏರಿ ಬಂದು ಗಡಗಿ ಮುಂದ ನಿಂತಳು. ಮೊಣಕೈ ಮಟ ನೀಲಿ. "ಗಡಗಿ ನಮ್ಮವು, ಮಾಳಗಿ ನಮ್ಮದು. ಇಲ್ಲಿ ಸರಕಾರದ್ದು ಏನರ ಇದ್ರ ಈ ಸಾಹೇಬರ ಟೊಪ್ಪಿಗಿ ಒಂದ. ಬೇಕಾದ್ರ ಅದನ್ನ ಒಯ್ರಿ."

ಜವಾನ ನಕ್ಕಬಿಟ್ಟ. ಅಧಿಕಾರಿ ಇಳಿದು ಹ್ವಾದ್ರು.

ಆ ಗಿಡ ತೆನಿ ಕಟ್ಟಿತು, ಸಣ್ಣ ತೆನಿ, ಮುಷ್ಟಿಯೊಳಗ ಮುಚ್ಚಿಹೋಗೂವಷ್ಟು. ಅದರ ಬೆನ್ನಿಗೇ ಸಾಹೇಬರಿಗೆ ವರ್ಗದ ಹುಕುಂ ಬಂತು. ಕಾಳು ಕೈವಸ್ತ್ರದಾಗ ಕಟಗೊಂಡು ಹೊಂಟವರು ಬಾಗಲದಾಗ ನಿಂತು, "ಅಕ್ಕಾರ, ಕಾಳು ಸಿಕ್ಕವು. ಎಲಿ ಒಳಗ ಸುಡೂದನ್ನ ಕಣ್ಣಿಗೆ ತೋರಸೂ ಉಪಾಯ ನನಗ ಹತ್ತಲಿಲ್ಲ. ಯಾರಿಗಾದ್ರೂ ಹತ್ತತದ" ಅಂದ್ರು. ಅವರು ಮತ್ತ ಬರಲಿಲ್ಲ. ಆ ಕಾಳು ಎಲ್ಲಿ ಮೊಳತವೋ, ಮೊಳೀಲಿಲ್ಲೋ...

ಈಗ ಅವ್ವ ಇಲ್ಲ, ಬಾನಿ ಇಲ್ಲ. ಮಾಳಗಿ ಕೆಡವಿ ಸ್ಲ್ಯಾಬ್ ಹಾಕ್ಯಾರ. ಸಾಹೇಬರ ಹೆಸರು ಹೇಳಿ ಹುಡುಕಂದೆ. ಮೊಮ್ಮಗಳು ಹುಡುಕಿದಳು. ಎಲ್ಲೂ ಸಿಗಲಿಲ್ಲ.

ಸೂಟಿಗೆ ಬಂದಾಕಿ ನಮ್ಮ ರೋಣದ ಮನಿ ಮ್ಯಾಲೂ ಜೋಳದ ಗಡಗಿ ಇಟ್ಟಾಳ, ನೀರು ನಿಲ್ಲಿಸ್ಯಾಳ. ನಿನ್ನೆ ಮಗ್ಗಲಮನಿಯಾಕಿ, "ಪಾಪ, ಒಣಗ್ಯಾವಲ್ರಿ" ಅಂತ ಕೊಡ ಹಿಡಕೊಂಡು ಪಾವಟಿಗಿ ಏರಾಕತ್ತಿದ್ದಳು. ಮೊಣಕಾಲ ನೋವು ಮರತು ನಾನು ಅಡ್ಡ ನಿಂತೆ. ಮೊಮ್ಮಗಳ ಫೋನು ಇಸಗೊಂಡು ಆ ನೀಲಿ ಎಲಿ ಆಕಿ ಮುಖಕ್ಕ ಹಿಡದೆ.

"ಮದಲು ಈ ನೀಲಿ ನೋಡ್ರಿ. ಆಮ್ಯಾಲ ನೀರಿನ ಮಾತು."

ಆಕಿ ನೋಡಿದಳು. ನೋಡಬೇಕಾಗಿದ್ದ ಇಬ್ಬರು ಮಾತ್ರ ಇರಲಿಲ್ಲ...