ಮಗಳ ಬ್ಯಾಗು, ನನ್ನ ಬ್ಯಾಗು

ಆ ತಿಂಗಳು ಯಾವ ಚಾನೆಲ್ ಹಾಕಿದರೂ ಡ್ರಗ್ಸ್ ಸುದ್ದಿಯೇ. ವೈಟ್‌ಫೀಲ್ಡ್ ಕಡೆಯ ಯಾವುದೋ ಪಾರ್ಟಿಯಲ್ಲಿ ಹುಡುಗರು ಸಿಕ್ಕಿಬಿದ್ದಿದ್ದರು. ಮೇಜಿನ ಮೇಲೆ ಸುರಿದ ಬಿಳಿ ಪುಡಿ, ಮುಖ ಮುಚ್ಚಿಕೊಂಡ ಹುಡುಗಿ. ಅದನ್ನೇ ತಿರುಗಾ ಮುರುಗಾ ತೋರಿಸುತ್ತಿದ್ದರು. "ನಿಮ್ಮ ಮಕ್ಕಳ ಬ್ಯಾಗ್ ನೋಡಿದ್ದೀರಾ?" ಎಂದು ನಿರೂಪಕ ಕಿರುಚಿದ ಮೇಲಂತೂ ನನಗೆ ಕೂತರೂ ನಿಂತರೂ ಸಮಾಧಾನವಿಲ್ಲ.

ಪೀಣ್ಯದ ಕಾರ್ಖಾನೆಯಲ್ಲಿ ನನ್ನದು ತಪಾಸಣೆಯ ಕೆಲಸ. ಬಿಡಿಭಾಗದ ತೂತಿಗೆ ಅಳತೆಯ ಗೇಜ್ ತೂರಿಸುವುದು; ಸರಿಹೊಂದಿದರೆ ಪಾಸ್, ಇಲ್ಲವೇ ಕೆಂಪು ಟ್ರೇಗೆ. ಅನುಮಾನವೇ ನನ್ನ ಅನ್ನ. ಕಾಲೇಜಿನಿಂದ ಮಗಳು ಬಂದೊಡನೆ ಅವಳ ಬ್ಯಾಗನ್ನು ಮಂಚದ ಮೇಲೆ ಕೊಡವತೊಡಗಿದೆ. ಪೌಡರ್ ಡಬ್ಬಿ ಮೂಸಿದೆ. ಪರೀಕ್ಷೆಗೆಂದು ಅವಳಜ್ಜಿ ದಾವಣಗೆರೆಯಿಂದ ಕಳಿಸಿದ್ದ ವಿಭೂತಿಯ ಪೊಟ್ಟಣವನ್ನೂ ಬಿಡದೆ ಬಿಚ್ಚಿ ಮೂಸಿ, ಆಮೇಲೆ ನಾಚಿಕೆಯಾಗಿ ಹಣೆಗೆ ಹಚ್ಚಿಕೊಂಡೆ.

ಗಂಡ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವಾಗ ಬೆನ್ನು ಉಳುಕಿಸಿಕೊಂಡಿದ್ದರು. ವಾಸಿಯಾಗಿದೆ ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು. ಆದರೂ ಟಿವಿ ನೋಡುತ್ತಾ "ಇಂಥೋರ್ನ ನಡುಬೀದೀಲಿ ನಿಲ್ಸಿ ಹೊಡೀಬೇಕು ಕಣೇ" ಎಂದವರು, ಅದೇ ಉಸಿರಿನಲ್ಲಿ "ನಾಳೆ ಬರ್ತಾ ನೋವಿನ ಮಾತ್ರೆ ತಂದ್ಬಿಡು" ಎನ್ನುತ್ತಿದ್ದರು. ಬಸ್‌ಸ್ಟಾಪಿನ ಮೆಡಿಕಲ್‌ನವನು ನನ್ನ ಹತ್ತಿರ ಡಾಕ್ಟರ ಚೀಟಿ ಕೇಳುವುದನ್ನೇ ಬಿಟ್ಟಿದ್ದ. ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಅದು ಔಷಧಿ, ಟಿವಿಯಲ್ಲಿ ತೋರಿಸಿದ್ದು ಪುಡಿ.

ಒಂದು ಸಂಜೆ ಮಗಳು ನನ್ನನ್ನು ಬಾಗಿಲಲ್ಲೇ ತಡೆದಳು.

"ದಿನಾ ನಂದೇ ನೋಡ್ತೀಯಲ್ಲ, ಇವತ್ತು ನಿನ್ ಬ್ಯಾಗ್ ತೋರ್ಸಮ್ಮಾ."

ನಗುತ್ತಲೇ ಕೊಟ್ಟೆ. ಅವಳು ನಗಲಿಲ್ಲ. ಊಟದ ಡಬ್ಬಿ, ಛತ್ರಿ, ಆಮೇಲೆ ಮಾತ್ರೆಯ ಐದು ಸ್ಟ್ರಿಪ್‌ಗಳು ಮಂಚದ ಮೇಲೆ ಬಿದ್ದವು.

"ಮೊದ್ಲು ನೀನು ತಿಂಗ್ಳಿಗೊಂದು ತರ್ತಿದ್ದೆ. ಈಗ ವಾರಕ್ಕೆ ಐದು. ಮಾತ್ರೆ ಸಿಗ್ದಿದ್ರೆ ಅಪ್ಪ ಹೇಗಾಗ್ತಾರೆ, ಒಂದಿನಾದ್ರೂ ನೋಡಿದೀಯಾ?"

ಮೈಯೆಲ್ಲ ಉರಿಯಿತು. ಮೊದಲು ಅವಳ ಮೇಲೆ, ಆಮೇಲೆ ಟಿವಿಯವನ ಮೇಲೆ, ಕೊನೆಗೆ ಉಳಿದವಳು ನಾನು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆಗೆ ನಗುತ್ತಿದ್ದವಳು, ಇದನ್ನು ಕಂಕುಳಲ್ಲೇ ಹೊತ್ತು ತಂದಿದ್ದೆ.

ಸೋಫಾದಿಂದ ಗಂಡ ಎದ್ದು ಬಂದರು. ಏನು ಗಲಾಟೆ ಎಂದು ಕೇಳಲಿಲ್ಲ. ನನ್ನನ್ನಾಗಲಿ ಮಗಳನ್ನಾಗಲಿ ನೋಡಲಿಲ್ಲ.

"ಕೊಡೇ, ಆಗ್ಲೇ ತಡ ಆಯ್ತು" ಎಂದು ಚಾಚಿದ ಕೈ ಗಡಗಡ ನಡುಗುತ್ತಿತ್ತು.