ಹಿತ್ತಲಲ್ಲಿ ನೆಟ್ಟ ಉಡುಗೊರೆಗಳು

ಹಸಿ ಆಲೂಗಡ್ಡೆಯನ್ನು ಹೋಳು ಮಾಡಿದಾಗ ಏಳುವ ತಣ್ಣನೆಯ ಮಣ್ಣಿನ ವಾಸನೆಗೆ ಈಗಲೂ ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ. ನಿಮಗೂ ಹೀಗೆ ಕೈ ನಿಲ್ಲಿಸುವ ಯಾವುದೋ ಒಂದು ವಾಸನೆ ಇದ್ದೀತು. ನನಗೆ ಅದು ಶಿವಣ್ಣ ಮಾವನ ವಾಸನೆ. ಅವನು ಅಮ್ಮನ ತಮ್ಮ. ಮೈಸೂರು ಕಡೆಯಿಂದ ಬಂದು ಊಟಿ ಬೆಟ್ಟದ ತುಮ್ಮನಟ್ಟಿಯ ಹತ್ತಿರ ನೆಲೆಸಿದ್ದ ನಮ್ಮ ಜೊತೆಗೇ ಇದ್ದು, ಅಪ್ಪನೊಂದಿಗೆ ಹೊಲ ನೋಡಿಕೊಳ್ಳುತ್ತಿದ್ದ.

ನಮ್ಮಲ್ಲಿ ಯಾರ ಹುಟ್ಟಿದ ದಿನವೂ ಸರಿಯಾಗಿ ಗೊತ್ತಿರಲಿಲ್ಲ. ಸ್ಕೂಲಿಗೆ ಕೊಟ್ಟದ್ದು ಬಾಯಿಗೆ ಬಂದ ತಾರೀಖು. ಅದಕ್ಕೆ ಮಾವ, ಆಲೂಗಡ್ಡೆಯ ಲೋಡು ಮೇಟುಪಾಳ್ಯದ ಮಂಡಿಗೆ ಹೋದ ಮೇಲೆ ಬರುವ ಭಾನುವಾರವನ್ನೇ ಮನೆಯವರ, ಅಕ್ಕಪಕ್ಕದವರ, ಎಲ್ಲರ ಹುಟ್ಟುಹಬ್ಬ ಮಾಡಿಬಿಟ್ಟಿದ್ದ. ಅಮ್ಮ ಕೇಸರಿಬಾತ್ ಮಾಡುತ್ತಿದ್ದಳು, ಅಪ್ಪ ಊಟಿಯಿಂದ ಗರಿಗರಿ ವರ್ಕಿ ಬಿಸ್ಕತ್ತು ತರುತ್ತಿದ್ದ. ಉಡುಗೊರೆ ಮಾತ್ರ ಮಾವನದು. ಬಿಸಿಲು ಬಿದ್ದು ಹಸಿರಾಗಿ ಅಡುಗೆಗೆ ಆಗದ ಗಡ್ಡೆಗಳನ್ನು ಕೊಯ್ದು, ಸಣ್ಣ ಚಾಕುವಿನಲ್ಲಿ ಕೆತ್ತಿ ಅಚ್ಚು ಮಾಡುತ್ತಿದ್ದ. ಬೀಟ್ರೂಟ್ ಬೇಯಿಸಿದ ನೀರಿನಲ್ಲಿ ಅದ್ದಿ ಬಿಳಿ ಬಟ್ಟೆಯ ಚೌಕಗಳ ಮೇಲೆ ಒತ್ತುತ್ತಿದ್ದ. ಒಬ್ಬೊಬ್ಬರಿಗೆ ಅವರವರು ಕೇಳಿದ ಚಿತ್ರದ ಕರವಸ್ತ್ರ. ನನ್ನದು ಕಾಟಿ, ಅಂದರೆ ಕಾಡುಕೋಣ; ಅಮ್ಮನದು ಹುಂಜ. ಎದುರು ಮನೆಯ ಬಡಗರ ಮಾದಿ ಅಕ್ಕ ಮೊದಲ ಸಲ ಕೇಳಿದ್ದು ಲಾರಿ.

"ಟೀ ಸೊಪ್ಪು ಹೊತ್ತು ಹೊತ್ತು ಬೆನ್ನು ಹೋಯ್ತು ಶಿವಣ್ಣ. ನಂಗೊಂದು ಲಾರಿ ಕೊಡು."

"ಓಡ್ಸೋಕೆ ಬರುತ್ತಾ ಅಕ್ಕಾ?"

"ನೀನು ಡ್ರೈವರು, ನಾನು ಓನರು. ಕಿಟಕಿ ಸೀಟು ನಂದು, ಈಗ್ಲೇ ಹೇಳಿದೀನಿ."

ಒತ್ತಿಯಾದ ಮೇಲೆ ಮಾವ ಅಚ್ಚುಗಳನ್ನು ಎಸೆಯುತ್ತಿರಲಿಲ್ಲ. ಕೆತ್ತುವಾಗಲೇ ಪ್ರತಿ ಹೋಳಿನ ಬೆನ್ನಿಗೆ ಒಂದು ಮೊಳಕೆಯ ಕಣ್ಣು ಉಳಿಸಿಕೊಂಡಿರುತ್ತಿದ್ದ. ಕೊಯ್ದ ಮುಖಕ್ಕೆ ಒಲೆಯ ಬೂದಿ ಹಚ್ಚಿ, ಹಿತ್ತಲಲ್ಲಿ ಸಾಲಾಗಿ ನೆಟ್ಟು, ಯಾರದು ಯಾವುದೆಂದು ಗುರುತಿಗೆ ನೀಲಗಿರಿ ಕಡ್ಡಿ ಚುಚ್ಚುತ್ತಿದ್ದ. ಮರುವರ್ಷದಿಂದ ಅಚ್ಚಿಗೆ ಆ ಗಿಡದ್ದೇ ಗಡ್ಡೆ. ಅಗೆಯುವಾಗ ಕೂಗುತ್ತಿದ್ದ: "ಪುಟ್ಟೀ, ಬಾ ಇಲ್ಲಿ, ನಿನ್ನ ಕಾಟಿ ಮರಿ ಹಾಕಿದೆ!" ಬೀಟ್ರೂಟಿನ ಬಣ್ಣ ನಾಲ್ಕು ಒಗೆತಕ್ಕೆ ಹೋಗಿಬಿಡುತ್ತಿತ್ತು. ಹೋದರೆ ಹೋಗಲಿ, ಹಿತ್ತಲಲ್ಲಿ ಬೆಳೆಯುತ್ತಿದೆಯಲ್ಲ ಎಂದುಕೊಳ್ಳುತ್ತಿದ್ದೆವು. ಒಂದು ಬಟ್ಟೆಯನ್ನಾದರೂ ಒಗೆಯದೆ ತೆಗೆದಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆ ವರ್ಷ ಲೋಡು ಹೋದ ಮರುದಿನ, ಭಾನುವಾರ ಬರುವ ಮುಂಚೆ, ಬೆಳಗಿನ ಚಳಿಯಲ್ಲಿ ಎದೆ ಹಿಡಿದುಕೊಂಡು ಕೂತ ಮಾವ ಮತ್ತೆ ಏಳಲಿಲ್ಲ. ಸುದ್ದಿ ಕೇಳಿ ಮೈಸೂರು ಕಡೆಯ ನೆಂಟರೆಲ್ಲ ಬಂದರು. ಮಣ್ಣು ಮಾಡಿ ಬಂದವರಿಗೆ ಅಡುಗೆಯಾಗಬೇಕು. ಮನೆಯಲ್ಲಿದ್ದ ಗಡ್ಡೆಯೆಲ್ಲ ಮಂಡಿಗೆ ಹೋಗಿತ್ತು. ಏನು ಮಾಡೋಣ ಎಂದು ಮಾದಿ ಅಕ್ಕ ಕೇಳಿದಾಗ, ಗೋಡೆಗೆ ಒರಗಿದ್ದ ಅಮ್ಮ ತಲೆ ಎತ್ತದೆ, "ಹಿತ್ತಲಲ್ಲಿ ಏನಿದ್ಯೋ ಅಗ್ಕೊಳ್ಳಿ" ಎಂದಳು. ಏನೂ ಅರಿಯದ ನೆಂಟರ ಹುಡುಗರು ಸಾಲೆಲ್ಲ ಅಗೆದು, ಕಡ್ಡಿಗಳನ್ನೂ ಒಲೆಗೆಂದು ಕಿತ್ತು ತಂದರು.

ಎಲೆಗೆ ಪಲ್ಯ ಬಡಿಸಿದಾಗಲೂ ಅದು ಯಾವ ಗಡ್ಡೆಯೆಂದು ಯಾರಿಗೂ ತಿಳಿಯಲಿಲ್ಲ. ನೀರು ತರಲು ಒಳಗೆ ಹೋದ ಅಮ್ಮ ಒಲೆಯ ಪಕ್ಕ ಬಿದ್ದಿದ್ದ ನೀಲಗಿರಿ ಕಡ್ಡಿಗಳನ್ನು ಕಂಡಳು. ಅವನ್ನು ಕೈಯಲ್ಲಿ ಹಿಡಿದುಕೊಂಡು ಪಂಕ್ತಿಯ ಮುಂದೆ ಬಂದಳು. ಬಡಿಸುತ್ತಿದ್ದ ಮಾದಿ ಅಕ್ಕನ ಸೌಟು ನಿಂತುಹೋಯಿತು.

"ಅಯ್ಯೋ ಪಾವಂ... ನನ್ನ ಲಾರೀನೂ ಇದ್ರಲ್ಲೇ ಇತ್ತಾ?"

"ಎಲ್ಲಾರ್ದೂ ಇತ್ತು ಅಕ್ಕಾ," ಎಂದಳು ಅಮ್ಮ. "ಬಡಿಸು. ಅವನ ಹಬ್ಬಕ್ಕೆ ಎಲ್ಲಾರೂ ಬಂದಿದಾರೆ."

ನಾವು ಉಂಡೆವು. ಕಾಟಿ, ಹುಂಜ, ಲಾರಿ ಎಲ್ಲವನ್ನೂ. ಅದೇ ಕೊನೆಯ ಹುಟ್ಟುಹಬ್ಬ.

ಮಾವನ ಕೈಯ ಕರವಸ್ತ್ರ ಒಂದು ನನ್ನ ಹತ್ತಿರ ಇದೆ. ಈಗ ಅದು ಬರೀ ಬಿಳಿ. ಆಲೂಗಡ್ಡೆ ಹೆಚ್ಚುವಾಗ ಮೊಳಕೆಯ ಕಣ್ಣಿರುವ ತುಂಡು ಸಿಕ್ಕರೆ ಸಾರಿಗೆ ಹಾಕಲಾರೆ, ಬದಿಗಿಡುತ್ತೇನೆ. ಸಂಜೆಯ ಹೊತ್ತಿಗೆ ಅದು ಕಪ್ಪಾಗಿರುತ್ತದೆ. ಬೂದಿ ಹಚ್ಚಿ ನೆಡೋಣವೆಂದರೆ ಗ್ಯಾಸ್ ಒಲೆಯಲ್ಲಿ ಬೂದಿ ಎಲ್ಲಿಯದು.