ಒಣಗಹಾಕದ ಇಡ್ಲಿ ಬಟ್ಟೆ

ಆ ಬೆಳಿಗ್ಗೆ ನಾನು ಹಿತ್ತಲಿನ ತಂತಿಯ ಮೇಲೆ ಇಡ್ಲಿ ಬಟ್ಟೆ ಹಾಕಲಿಲ್ಲ. ಹಾಕಿದ್ದರೆ ನನ್ನ ತಮ್ಮ ಆರು ವರ್ಷ ಜೈಲಿನಲ್ಲಿ ಇರಬೇಕಾಗುತ್ತಿರಲಿಲ್ಲ.

ನಾವು ಹುಟ್ಟಿದ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ನಮ್ಮವರು ಇನ್ನೂ ಇದ್ದಾರೆ. ಉಡುಪಿ ಕಡೆಯಿಂದ ಹೋದ ಅಜ್ಜ ಅಲ್ಲಿನ ಬೆಟ್ಟದ ಬುಡದ ಪೇಟೆಯಲ್ಲಿ ಹೋಟೆಲು ಇಟ್ಟಿದ್ದರು. ನಾನು ಶಾಲೆಗೆ ಹೋದದ್ದು ನಾಲ್ಕೇ ವರ್ಷ. ಕನ್ನಡ ಅಕ್ಷರ ಕಲಿತದ್ದು ಅಜ್ಜ ಮೇಜಿನ ಮೇಲೆ ಹರಡಿದ ಅಕ್ಕಿಹಿಟ್ಟಿನಲ್ಲಿ. ರಾಜಧಾನಿಯಲ್ಲಿ ಕಮ್ಯುನಿಸ್ಟ್ ಸರಕಾರ ಬಂದು ಹೊಲ, ಗಿರಣಿ, ಅಂಗಡಿ ಎಲ್ಲವೂ ತನ್ನದು ಎಂದಾಗ ಬೆಟ್ಟದವರು ‘ನಮ್ಮ ನಾಡೇ ಬೇರೆ’ ಎಂದು ಎದ್ದರು. ದೇಶದೊಳಗೇ ಯುದ್ಧ ಶುರುವಾಯಿತು. ಬೆಟ್ಟದವರು ಮಾಡಿದ್ದೆಲ್ಲ ಸರಿ ಎನ್ನಲಾರೆ. ತಮ್ಮ ಅವರ ಜೊತೆ ಸೇರಿ ಪೇಟೆಯಿಂದ ಬೆಟ್ಟಕ್ಕೆ ಅಕ್ಕಿ, ಔಷಧಿ ಹೊತ್ತ. ಹೋಟೆಲು ನನ್ನೊಬ್ಬಳ ತಲೆಗೆ ಬಂತು.

ಇಡ್ಲಿ ತಟ್ಟೆಗೆ ಹಾಸುವ ಬಟ್ಟೆಗಳನ್ನು ನಾವು ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸುತ್ತಿದ್ದೆವು. ಪೇಟೆಗೆ ಸರಕಾರದ ಸೈನಿಕರು ಬಂದ ದಿನ ಮಾತ್ರ ಹಿತ್ತಲಿನಲ್ಲಿ. ಬೆಟ್ಟದಿಂದ ಆ ಬಿಳಿ ಸಾಲು ಕಂಡರೆ ತಮ್ಮ ಕೆಳಗೆ ಇಳಿಯಬಾರದು. ಇದು ನಮ್ಮಿಬ್ಬರ ಒಪ್ಪಂದ.

ಆ ದಿನ ಎಂಟು ಮಂದಿ ಸೈನಿಕರು ಬಂದು ತಿಂಡಿಗೆ ಕುಳಿತರು. ತೊಳೆದ ಬಟ್ಟೆ ಬಕೆಟಿನಲ್ಲಿತ್ತು. ಹಿತ್ತಲ ಬಾಗಿಲು ಹತ್ತು ಹೆಜ್ಜೆ ದೂರ. ಹೆದರಿಕೆಯಾಯಿತು, ನಿಜ. ಆದರೆ ಅಷ್ಟೇ ಅಲ್ಲ. ಹಿಂದಿನ ವಾರ ತಮ್ಮ, "ನಿಂಗೆ ಚಟ್ನಿ ಅರೆಯುದು ಬಿಟ್ರೆ ಎಂತ ಗೊತ್ತುಂಟು?" ಎಂದು ನಕ್ಕಿದ್ದ. ಆ ಸಿಟ್ಟು ಒಳಗಿತ್ತು. ಒಮ್ಮೆ ಅವನಿಗೂ ಬಿಸಿ ತಟ್ಟಲಿ ಎಂದುಕೊಂಡು ಸಾಂಬಾರು ಬಡಿಸುತ್ತ ನಿಂತೆ. ಅವನು ಅಕ್ಕಿ ಒಯ್ಯಲು ಖಾಲಿ ಚೀಲ ಹಿಡಿದು ಇಳಿದು ಬಂದ. ಹಿತ್ತಲಲ್ಲೇ ಹಿಡಿದರು.

ಜೈಲಿನಲ್ಲಿ ಮೊದಲ ಸಲ ಕಂಡಾಗ, "ಬಟ್ಟೆ ಹಾಕಿದ್ದೆ, ಗಾಳಿಗೆ ಹಾರಿಹೋಯ್ತು" ಎಂದೆ. ಅವನು ನಂಬಿದ.

ಈಗ ನಾನು ಡಚ್ಚರ ದೇಶದ ಹೂಫ್‌ಡಾರ್ಪ್ ಎಂಬ ಊರಿನಲ್ಲಿದ್ದೇನೆ. ಬೆಂಗಳೂರಿನಿಂದ ಬಂದ ಕಂಪ್ಯೂಟರ್ ಕೆಲಸದವರಿಗೆ ವಾರಕ್ಕೆರಡು ಸಲ ಇಡ್ಲಿ ಮಾಡಿಕೊಡುತ್ತೇನೆ. ಬಿಡುಗಡೆಯಾದ ತಮ್ಮನೂ ಇಲ್ಲಿಗೇ ಬಂದ. ಬಹಳ ಕಾಲ ನಿರಾಶ್ರಿತರ ಕೇಂದ್ರದಲ್ಲಿದ್ದು, ಈಚೆಗೆ ಇಲ್ಲಿ ನೆಲೆಸುವ ಪರವಾನಗಿ ಸಿಕ್ಕಿ ನನ್ನ ಮನೆ ಸೇರಿದ್ದಾನೆ. ಡಚ್ ಕಲಿಯುತ್ತಿದ್ದಾನೆ. ಬರುವ ಸೋಮವಾರದಿಂದ ಒಂದು ಬೇಕರಿಯಲ್ಲಿ ಕೆಲಸ.

ಕಳೆದ ಶನಿವಾರ ಬೆಳಿಗ್ಗೆ ಅವನು ಬಾಲ್ಕನಿಯಲ್ಲಿ ಇಡ್ಲಿ ಬಟ್ಟೆ ಒಣಗಹಾಕುತ್ತಿದ್ದ.

"ಎಂತ ಮಾರಾಯ, ಇಷ್ಟು ಸಣ್ಣ ಬಟ್ಟೆಗೆ ನಾಲ್ಕು ಕ್ಲಿಪ್ಪಾ?" ಎಂದೆ.

"ಇಲ್ಲಿಯ ಗಾಳಿಗೆ ವಿಮಾನವೇ ಓಲಾಡ್ತದೆ ಅಕ್ಕ, ಇದೆಲ್ಲ ಯಾವ ಲೆಕ್ಕ!" ಎಂದು ನಕ್ಕ. ಮತ್ತೆ ಮೆಲ್ಲಗೆ, "ಅಲ್ಲಿಯೂ ನಾನು ಎರಡು ಕ್ಲಿಪ್ ತಂದುಕೊಡ್ಬೇಕಿತ್ತು. ನಂಗೇ ಬುದ್ಧಿ ಇರ್ಲಿಲ್ಲ" ಎಂದ.

ಇಷ್ಟು ವರ್ಷ ಅವನು ತಪ್ಪು ತನ್ನದೆಂದೇ ಹೊತ್ತುಕೊಂಡಿದ್ದ. ಅಲ್ಲೇ ಸ್ಟೂಲಿನ ಮೇಲೆ ಕುಳಿತೆ. ಬಕೆಟ್ಟು, ಸೈನಿಕರು, ಚಟ್ನಿಯ ಸಿಟ್ಟು, ನನ್ನ ಸುಳ್ಳು ಎಲ್ಲ ಹೇಳಿದೆ.

ಅವನು ಆ ಬಿಳಿ ಸಾಲಿನ ಕಡೆ ತಿರುಗಿದ. ಕೈಯಲ್ಲಿದ್ದ ಕ್ಲಿಪ್ಪನ್ನು ತೆರೆದ, ಮುಚ್ಚಿದ. ಆಮೇಲೆ ಬಕೆಟಿನಿಂದ ಇನ್ನೊಂದು ಬಟ್ಟೆ ಎತ್ತಿ, ಚಿಕ್ಕವರಿದ್ದಾಗ ಇಬ್ಬರೂ ಸೇರಿ ಹಿಂಡುತ್ತಿದ್ದ ಹಾಗೆ, ಅದರ ಒಂದು ತುದಿಯನ್ನು ನನ್ನ ಕಡೆ ಚಾಚಿದ.

"ಹಿಡಿ ಅಕ್ಕ. ನೀರು ಇಳೀತಾ ಉಂಟು."

ಎದ್ದು ಹಿಡಿದೆ.

"ತಪ್ಪಾಯ್ತು ತಮ್ಮ," ಎಂದೆ. "ಗಾಳಿಯದ್ದಲ್ಲ, ನಿಂದೂ ಅಲ್ಲ, ನಂದೇ ತಪ್ಪು. ನನ್ನನ್ನು ಕ್ಷಮಿಸು."